ಡಾಬಕಾದ ಹುಲ್ಲಿನಲ್ಲಿ ಒಂದು ಸೀಟಿ

ಭಾಲ್ಕಿ ಡಿಪೋದಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾದ ಕಾಶೀರಾಮನಿಗೆ ಎಂಥ ಚಿಲ್ಲರೆ ಲೆಕ್ಕವಾದರೂ ಬಗೆಹರಿಯುತ್ತಿತ್ತು, ಮಗಳ ಪಗಾರದ ಲೆಕ್ಕವೊಂದನ್ನು ಬಿಟ್ಟು. ಆಮ್ರಪಾಲಿ ವನ್ಯಜೀವಿ ವಿಜ್ಞಾನ ಓದಿದವಳು. ಔರಾದ ತಾಲ್ಲೂಕಿನ ಹುಲ್ಲುಗಾವಲಿನ ಹಕ್ಕಿಗಳ ಮೇಲೆ ನಡೆಯುವ ಒಂದು ಯೋಜನೆಯಲ್ಲಿ ಅವಳಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ, ಅದೂ ಬಂದಾಗ ಬಂತು. ಬೀದರಿನ ಬಾಡಿಗೆ, ಸ್ಕೂಟಿಯ ಪೆಟ್ರೋಲು, ಗ್ಯಾಸು ಎಲ್ಲ ಕಳೆದರೆ ಕೊನೆಗೆ ಉಳಿಯುವುದು ಅವಳ ಮೊಂಡುತನ ಮಾತ್ರ ಎಂದು ತಾಯಿ ಅನುಸೂಯಾಬಾಯಿ ಗೊಣಗುತ್ತಿದ್ದಳು.

ಅಷ್ಟರಲ್ಲಿ ಭಾಲ್ಕಿಯ ಒಂದು ಕೋಚಿಂಗ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಜಾಗ ಖಾಲಿಯಾಯಿತು. ಪಗಾರ ಹೆಚ್ಚುಕಡಿಮೆ ದುಪ್ಪಟ್ಟು. ಕಾಲೇಜಿನ ಕಾರ್ಯದರ್ಶಿ ಶಿವರಾಜಪ್ಪ ಹಳೆಯ ಪರಿಚಯ. ನಾಡಿದ್ದು ಸಂಜೆ ಮಗಳನ್ನು ಕರೆತನ್ನಿ, ತಪ್ಪಿದರೆ ಜಾಗ ಬೇರೆಯವರಿಗೆ ಎಂದಿದ್ದ. ಕಾಶೀರಾಮ ಮರುದಿನ ಬೆಳಿಗ್ಗೆಯೇ ಬೀದರಿಗೆ ಬಂದು ಮಗಳ ಮುಂದೆ ಕೂತ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇವತ್ತು ಹಕ್ಕಿ ಎಣಿಸುವ ದಿನ, ಜೊತೆಗಾರ ಒವೈಸ ಈ ಪಗಾರದಲ್ಲಿ ಸಂಸಾರ ಸಾಗದೆಂದು ಹೈದರಾಬಾದಿನ ಔಷಧ ಕಂಪನಿ ಸೇರಿದ್ದಾನೆ, ಇವತ್ತು ನೀನು ನನ್ನ ಜೊತೆ ಬಾ, ನಾಳೆ ನಾನು ನಿನ್ನ ಜೊತೆ ಬರುತ್ತೇನೆ ಎಂದಳು. ಸೌದಾ ಅಗ್ಗವಾಗಿಯೇ ಕುದುರಿತೆಂದು ಅಪ್ಪ ಸ್ಕೂಟಿ ಹತ್ತಿದ.

ಸಂತಪುರ ದಾಟಿ ಡಾಬಕಾದ ಹತ್ತಿರದ ಬಯಲು ಮುಟ್ಟುವಾಗ ಹೊತ್ತು ಇಳಿದಿತ್ತು. ಎಣಿಸುವ ಕ್ರಮ ಇಷ್ಟೇ: ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು, ಅರ್ಧ ಆಕಾಶ ಒಬ್ಬರಿಗೆ, ಇನ್ನರ್ಧ ಇನ್ನೊಬ್ಬರಿಗೆ. ಹತ್ತು ಹಕ್ಕಿಗೊಂದು ಹರಳು ಈ ಜೇಬಿನಿಂದ ಆ ಜೇಬಿಗೆ. ಮಹಾರಾಷ್ಟ್ರದ ಕಡೆಯ ಆಕಾಶ ಅಪ್ಪನ ಪಾಲಿಗೆ ಬಂತು. ಎಣಿಸಬೇಕಾದವು ಗಿಡುಗದ ಜಾತಿಯ ಹಕ್ಕಿಗಳಂತೆ, ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುತ್ತವಂತೆ, ಗಿಡ ಬಿಟ್ಟು ನೆಲದ ಮೇಲೇ ಮಲಗುತ್ತವಂತೆ. ಓದಿದವರು ಏನು ಬೇಕಾದರೂ ಹೇಳುತ್ತಾರೆ ಎಂದುಕೊಂಡ ಕಾಶೀರಾಮ.

ಮೊದಲು ಒಂದು ಬಂತು, ಸದ್ದಿಲ್ಲದೆ, ತೊಗರಿ ಹೊಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಾಗೆ. ಆಮೇಲೆ ನಾಲ್ಕು. ಆಮೇಲೆ ಎಲ್ಲ ದಿಕ್ಕಿನಿಂದಲೂ ಬರತೊಡಗಿದವು. ಬೂದು ಬಣ್ಣದವು, ಕಂದು ಬಣ್ಣದವು, ಉದ್ದ ರೆಕ್ಕೆ ಅಲುಗಿಸದೆ ತೇಲಿ ಬಂದು, ಒಂದು ಸುತ್ತು ಹಾಕಿ, ಹುಲ್ಲಿನೊಳಗೆ ಇಳಿದು ಮಾಯವಾದವು. ಹಬ್ಬದ ಹಿಂದಿನ ದಿನದ ಬೀದರ್ ಬಸ್‌ಸ್ಟ್ಯಾಂಡಿನಲ್ಲೂ ಅವನು ಇಷ್ಟು ಜೀವ ಒಟ್ಟಿಗೆ ನೋಡಿರಲಿಲ್ಲ. ನೋಡಿದ್ದರೂ ಇಷ್ಟು ನಿಶ್ಶಬ್ದವಾಗಿ ಅಲ್ಲ.

ಸ್ವಲ್ಪ ಹೊತ್ತಿಗೆ ಆಕಾಶ ಖಾಲಿಯಾಯಿತು. ಎಲ್ಲರೂ ಕೂತರು ಎಂದು ಕಾಶೀರಾಮನಿಗೆ ಅನ್ನಿಸಿತು. ಎಲ್ಲರೂ ಕೂತ ಮೇಲೆ ಕಂಡಕ್ಟರ್ ಏನು ಮಾಡಬೇಕೋ ಅದನ್ನು ಅವನ ಬಾಯಿ ಅವನನ್ನು ಕೇಳದೆಯೇ ಮಾಡಿತು. ಎರಡು ಬೆರಳಿಟ್ಟು ಉದ್ದಕ್ಕೊಂದು ಸೀಟಿ ಹೊಡೆದ.

ಬಯಲೇ ಎದ್ದಿತು. ನೂರಾರು ರೆಕ್ಕೆಗಳು ಒಮ್ಮೆಲೇ ಹುಲ್ಲಿನಿಂದ ಮೇಲೇರಿ ತಲೆಯ ಮೇಲೆ ತಿರುಗತೊಡಗಿದವು. ಅದೇ ಹೊತ್ತಿಗೆ ತಡವಾಗಿ ಬರುತ್ತಿದ್ದ ಇನ್ನೊಂದು ಹಿಂಡು ಅವುಗಳೊಳಗೆ ಬೆರೆತುಹೋಯಿತು. ಎಣಿಸಿದ್ದು ಯಾವುದು, ಎಣಿಸದ್ದು ಯಾವುದು, ದೇವರಿಗೇ ಗೊತ್ತು. ಕಾಶೀರಾಮ ತಪ್ಪು ಮಾಡಿದೆನೆಂದು ನಾಚಬೇಕಿತ್ತು. ಅವನು ಬಾಯಿ ತೆರೆದು ಮೇಲೆ ನೋಡುತ್ತ ಕೂತಿದ್ದ, ಕಣ್ಣು ಒದ್ದೆಯಾಗಿತ್ತು. ಬೈಯಲು ತಿರುಗಿದ ಮಗಳು ಅಪ್ಪನ ಮುಖ ನೋಡಿ, ಬೈಯದೆ ಮತ್ತೆ ತನ್ನ ಪಾಲಿನ ಆಕಾಶದ ಕಡೆ ತಿರುಗಿದಳು.

ಹಕ್ಕಿಗಳು ಒಂದೊಂದಾಗಿ ಮತ್ತೆ ಇಳಿದವು. ಇವತ್ತಿನ ಎಣಿಕೆ ಕೆಟ್ಟಿತು, ನಾಳೆ ಸಂಜೆ ಮತ್ತೆ ಎಣಿಸಬೇಕು ಎಂದು ಆಮ್ರಪಾಲಿ ಪಿಸುಗುಟ್ಟಿದಳು. ಆಮೇಲೆ ಮೆಲ್ಲಗೆ, "ಆದ್ರ ನಾ ಮಾತು ಕೊಟ್ಟೀನಿ ಅಪ್ಪಾ. ನೀ ಹೇಳಿದಂಗ ನಾಳಿ ಭಾಲ್ಕಿಗಿ ಬರ್ತೇನಿ" ಎಂದಳು.

ಕಾಶೀರಾಮ ಹಕ್ಕಿಗಳು ಇಳಿದ ಹುಲ್ಲಿನ ಕಡೆ ನೋಡಿ ಕೇಳಿದ:

"ನಾವು ಪಗಾರ ಏರಸ್ರಿ ಅಂತ ಸ್ಟ್ರೈಕ್ ಮಾಡಿ ಬಸ್ ನಿಲ್ಲಸ್ತಿದ್ದಿವಿ. ನೀ ಏನ್ ನಿಲ್ಲಸ್ತಿ? ಇವು ನಿಲ್ತಾವೇನ್?"

ಕಾಶೀರಾಮ ಫೋನ್ ತೆಗೆದು, ಕೈ ಅಡ್ಡ ಹಿಡಿದು, ಶಿವರಾಜಪ್ಪನಿಗೆ ಸಣ್ಣ ದನಿಯಲ್ಲಿ ಹೇಳಿದ: "ನಾಳಿ ನಮಗ ಬರ್ಲಿಕ್ಕಿ ಆಗಲ್ರಿ ಸಾಹೇಬ್ರ. ಆ ಜಾಗ ಬ್ಯಾರೆದವ್ರಿಗಿ ಕೊಟ್ಬಿಡ್ರಿ."

ಅನುಸೂಯಾಬಾಯಿಗೆ ಏನು ಹೇಳುವುದು, ಬರುವ ತಿಂಗಳ ಬಾಡಿಗೆ ಎಲ್ಲಿಂದ, ಒಂದೂ ಅವನಿಗೆ ಗೊತ್ತಿರಲಿಲ್ಲ. ಫೋನ್ ಜೇಬಿಗಿಳಿಸುವಾಗ ದೂರದಲ್ಲಿ ಒಂಟಿ ಹಕ್ಕಿಯೊಂದು ತಡವಾಗಿ ಬರುವುದು ಕಂಡಿತು. ಅವನು ತುಟಿ ಬಿಗಿಹಿಡಿದು, ಮಗಳ ತೋಳು ಮುಟ್ಟಿ, ಅದರ ಕಡೆ ಬೆರಳು ಮಾಡಿದ.