ಸಂದು ನೋಡುವ ಬೆರಳು

ಬಾಗಿಲು ಕೂರಿಸುವ ಆ ಬಡಗಿಗೆ ಅಳತೆಪಟ್ಟಿಗಿಂತ ತನ್ನ ಬಲಗೈ ತೋರುಬೆರಳಿನ ಮೇಲೆ ನಂಬಿಕೆ. ಅರೆ ಮುಚ್ಚಿದ ಬಾಗಿಲಿನ ಸಂದಿನಲ್ಲಿ ಬೆರಳ ತುದಿ ಆಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಬೆರಳು ತೆಗೆದು ಎಡಗೈಯಿಂದ ಹಲಗೆ ತಟ್ಟುತ್ತಿದ್ದ. ತಟ್ಟಿದ ಕೂಡಲೇ ಆಚೆ ಬದಿಯಲ್ಲಿ ನಿಂತ ಮೈದುನ, ಅಂದರೆ ಹೆಂಡತಿಯ ತಮ್ಮ, ಬಾಗಿಲು ಮುಚ್ಚಬೇಕು. ಮಾತಿಲ್ಲ ಕತೆಯಿಲ್ಲ, ಇದೇ ಅವರ ಪದ್ಧತಿ.

ಅಂದು ಕಚೇರಿಯೊಂದರ ಬಾಗಿಲು ಎಷ್ಟು ಚೆನ್ನಾಗಿ ಕೂತಿತೆಂದರೆ, ಬಡಗಿಗೆ ತನ್ನ ಕೆಲಸದ ಮೇಲೆ ತನಗೇ ಮೋಹ ಬಂತು. ಬೆರಳು ಇನ್ನೂ ಸಂದಿನಲ್ಲಿರುವಾಗಲೇ ಭೇಷ್ ಎಂಬಂತೆ ಹಲಗೆ ತಟ್ಟಿದ. ಮೈದುನ ಮುಚ್ಚಿದ.

ಆಸ್ಪತ್ರೆಯ ದಾರಿಯುದ್ದಕ್ಕೂ ಬಡಗಿ ಅವನ ಜನ್ಮ ಜಾಲಾಡಿದ. ಪಾಪ, ಆತ ತುಟಿ ಪಿಟಕ್ಕೆನ್ನಲಿಲ್ಲ.

ವೈದ್ಯೆ ಎಕ್ಸ್‌ರೇ ಬೆಳಕಿಗೆ ಹಿಡಿದರು. "ತುದಿಮೂಳೆ ಮುರಿದು ಜರುಗಿದೆ. ಉಗುರಿನ ಕೆಳಗೂ ಹರಿದಿದೆ."

"ಪಟ್ಟಿ ಕಟ್ಟಿದ್ರೆ ಸಾಲದಾ?"

"ಮೂಳೆ ಜಾಗದಲ್ಲೇ ಇದ್ದಿದ್ರೆ ಸಾಕಿತ್ತು. ಈಗ ಜಜ್ಜಿದ ತುದಿ ತೆಗೆದು ಹೊಲಿದ್ರೆ ಬೇಗ ಕೆಲಸಕ್ಕೆ ಹೋಗ್ಬಹುದು, ಬೆರಳು ಮೋಟಾಗುತ್ತೆ. ಇಲ್ಲಾಂದ್ರೆ ಹರಿದಿದ್ದನ್ನ ಹೊಲಿದು, ಮೂಳೆಗೆ ಸಣ್ಣ ತಂತಿ ಹಾಕಿ ಕಾಯ್ಬೇಕು. ವಾರಗಟ್ಟಲೆ ಆ ಕೈಯಲ್ಲಿ ಕೆಲಸ ಮಾಡೋ ಹಾಗಿಲ್ಲ."

"ತೆಗೆದು ಬಿಸಾಕಿ ಮೇಡಂ. ಒಪ್ಪಿಕೊಂಡ ಕೆಲಸ ಬೆಟ್ಟದಷ್ಟಿದೆ."

ಆಗ ಮೈದುನ ಬಾಯಿಬಿಟ್ಟ. "ಈ ಎರಡ್ರಲ್ಲಿ ಮುಟ್ಟಿದ್ದು ಗೊತ್ತಾಗೋದು ಯಾವುದ್ರಲ್ಲಿ ಮೇಡಂ? ಇವರಿಗೆ ಆ ಬೆರಳೇ ಕಣ್ಣು."

"ಗ್ಯಾರಂಟಿ ಕೊಡಕ್ಕಾಗಲ್ಲ. ತುದಿ ಉಳಿದ್ರೆ ಆಸೆ ಇಟ್ಕೋಬಹುದು."

"ಹಾಗಿದ್ರೆ ಉಳಿಸಿ. ಕೆಲಸ ನಾನು ಮಾಡ್ತೀನಿ. ಭಾವ ಕೂತ್ಕೊಂಡು ಬೈಲಿ."

ಭಾವ ಕೂತು ಬೈದ. ಕುರ್ಚಿ ಹಾಕಿಸಿಕೊಂಡು, ಪಟ್ಟಿ ಕಟ್ಟಿದ ಬೆರಳನ್ನು ಮೇಲೆತ್ತಿ, ಮೈದುನ ಉಜ್ಜುಗೊರಡು ತಳ್ಳುವ ರೀತಿಯಿಂದ ಹಿಡಿದು ಉಸಿರಾಡುವ ರೀತಿಯವರೆಗೆ ತಪ್ಪು ಹುಡುಕಿದ. ಒಪ್ಪಿಕೊಂಡ ಬಾಗಿಲುಗಳೆಲ್ಲ ಒಂದೊಂದಾಗಿ ಕೂತವು.

ತಂತಿ ತೆಗೆದ ಮೇಲೂ ಬೆರಳ ತುದಿ ಮರಗಟ್ಟಿತ್ತು. ಬಡಗಿ ಒಳಗೊಳಗೇ ಹೆದರಿದ. ವೈದ್ಯೆ ಹೇಳಿದಂತೆ ದಿನವೂ ಬಟ್ಟೆ, ಮರಳು, ಮರದ ಹೊಟ್ಟು ಮುಟ್ಟುತ್ತ ಬಂದ.

ಒಂದು ಮಧ್ಯಾಹ್ನ ಕಣ್ಣು ಮುಚ್ಚಿ, "ಏನಾದ್ರೂ ಮುಟ್ಟಿಸೋ," ಎಂದ. ಕೈಗೆ ಏನೂ ಸಿಗದೆ ಮೈದುನ ತನ್ನ ಅಂಗೈಯನ್ನೇ ಚಾಚಿದ.

ಬೆರಳು ಮೆಲ್ಲಗೆ ಸರಿಯಿತು. ಒರಟು. ಮೆತ್ತಗೆ. ಮತ್ತೆ ಒರಟು. ಒಡೆದು ಒಣಗಿದ ಬೊಬ್ಬೆ, ಅದರ ಪಕ್ಕದಲ್ಲೇ ಹೊಸದು.

"ಇಷ್ಟೊಂದು ಬೊಬ್ಬೆನಾ? ಒಂದು ಸಲಾನೂ ಹೇಳ್ಲಿಲ್ವಲ್ಲೋ!"

"ನಿಮಗೆ ಬೈಯೋದ್ರಲ್ಲಿ ಪುರುಸೊತ್ತೆಲ್ಲಿತ್ತು ಭಾವ?"

ಬಡಗಿ ಆ ಅಂಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಅವತ್ತು ನೀನು ಬಾಯಿ ಬಿಡದೇ ಇದ್ದಿದ್ರೆ," ಎಂದ, "ಇದು ನನಗೆ ಗೊತ್ತೇ ಆಗ್ತಿರ್ಲಿಲ್ಲ ಕಣೋ."