ಮರಿಸೆಲ್‌ಗೆ ಇಕ್ಕಿದ ಎಡೆ

ಬದುಕಿರೋರಿಗೆ ಎಡೆ ಇಕ್ಕಬಾರದು ಅನ್ನೋದು ಗುಂಡ್ಲುಪೇಟೆ ಸೀಮೆಯಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು. ಸುಧಾಮಣಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮರಿಸೆಲ್ ಸತ್ತೇ ಹೋದಳು ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಕುವೈತಿನಲ್ಲಿ ನರ್ಸಾಗಿದ್ದಾಗ ಇಬ್ಬರಿಗೂ ಒಂದೇ ರೂಮು, ಒಂದೇ ತಟ್ಟೆ. ಮರಿಸೆಲ್ ಫಿಲಿಪ್ಪೀನ್ಸಿನವಳು. ಸುಧಾಮಣಿ ಊರಿಗೆ, ಹಂಗಳಕ್ಕೆ, ವಾಪಸ್ಸಾದ ಮೇಲೂ ದಿನಾ ಫೋನು. ಆಮೇಲೆ ಅವಳೂ ತನ್ನೂರಿಗೆ ಹೋದಳು, ಅಲ್ಲಿ ಬಿರುಗಾಳಿ ಬಡಿಯಿತು, ಫೋನು ನಿಂತೇ ಹೋಯಿತು. ತಿಂಗಳುಗಟ್ಟಲೆ ಕಾದು, ಅತ್ತು, ಸುಧಾಮಣಿ ಸೋತಳು.

ಹಿರಿಯರ ಹಬ್ಬ ಬಂತು. ಅತ್ತೆ ದೊಡ್ಡಮಾದಮ್ಮ ತೀರಿಹೋದ ಗಂಡ ಮಹದೇವಯ್ಯನಿಗೆ ಎಲೆ ಹಾಸುತ್ತಿದ್ದಳು. ಮನೆಯಲ್ಲಿ ಉಂಡ ನೆಂಟರನ್ನ, ತಲೆಗೆ ಕೆಂಪು ಟವಲ್ ಸುತ್ತಿಕೊಂಡು, ತಾನೇ ಜೊತೆಗೆ ನಡೆದು ಬಸ್ಸು ಹತ್ತಿಸಿ ಬರುತ್ತಿದ್ದ ಪುಣ್ಯಾತ್ಮ ಅವನು.

"ಪಕ್ಕದಲ್ಲಿ ಮರಿಸೆಲ್‌ಗೂ ಒಂದೆಲೆ ಹಾಕ್ತೀನಿ ಅತ್ತೆ."

"ಸತ್ತಿರೋದು ಖಾತ್ರಿಯೇನಮ್ಮಿ? ಬದುಕಿರೋಳು ಎಡೆ ಉಂಡ್ರೆ ಹೋದೋರ ಜೊತೆಗೇ ಹೊಂಟೋಯ್ತಾಳೆ ಕಣಮ್ಮಿ!"

"ಬದುಕಿದ್ರೆ ನಂಗೆ ಫೋನ್ ಮಾಡ್ದೆ ಇರ್ತಿದ್ಲಾ?"

ಅಡುಗೆಯೂ ಮರಿಸೆಲ್ ಕಲಿಸಿದ್ದೇ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಸಿಹಿಗುಂಬಳದ ಹೋಳು ಹಾಕಿ, ಬೆರಳುದ್ದ ಮುರಿದ ಅಲಸಂದೆಕಾಯಿ ಸೇರಿಸಿ, ಕಾಯಿಹಾಲು ಹುಯ್ದು ಸಣ್ಣ ಉರಿಯಲ್ಲಿ ಬೇಯಿಸೋದು. ಒಗ್ಗರಣೆ ಇಲ್ಲ, ಖಾರದ ಪುಡಿ ಇಲ್ಲ. "ಇದೇನು ಬಾಣಂತಿ ಪಥ್ಯವಾ?" ಅಂತ ಅತ್ತೆ ಮೂಗು ಮುರಿದಳು. ಎಡೆಯ ಅಡುಗೆ ರುಚಿ ನೋಡೋ ಹಾಗಿಲ್ಲವಲ್ಲ, ಉಪ್ಪು ಹಾಕಿದೆನೋ ಇಲ್ಲವೋ ಅನ್ನೋ ಅನುಮಾನ ಸುಧಾಮಣಿಗೆ ಉಳಿದೇ ಹೋಯಿತು.

ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ಇಬ್ಬರೂ ಜಗಲಿಯ ಮೇಲೆ ಕೂತರು. ಫೋನು ಹೊಡೆದುಕೊಂಡಿತು. ಮರಿಸೆಲ್!

"ಅಯ್ಯೋ ನಮ್ಮವ್ವಾ, ಬದುಕಿದ್ದೀಯೇನೇ!" ಸುಧಾಮಣಿ ಕನ್ನಡದಲ್ಲೇ ಕಿರುಚಿದಳು. ಅಳು, ನಗು ಎರಡೂ ಒಟ್ಟಿಗೇ ಬಂದವು.

ಆಚೆಯಿಂದ ಅದೇ ಅರೆಬರೆ ಇಂಗ್ಲಿಷು. "ಟವರ್ ಬಿದ್ದುಹೋಗಿತ್ತು, ಇವತ್ತು ಸರಿಯಾಯ್ತು. ಕೇಳು ಸುಧಾ, ಈಗಷ್ಟೇ ಕಣ್ಣು ಹತ್ತಿತ್ತು. ಕನಸಲ್ಲಿ ನೀನು ನಮ್ಮ ಕುಂಬಳಕಾಯಿ ಪಲ್ಯ ಮಾಡಿ ನಂಗೆ ಎಲೆ ಮೇಲೆ ಬಡಿಸಿದ್ದೆ. ಉಪ್ಪೇ ಹಾಕಿರಲಿಲ್ಲ ನೀನು. ಆದ್ರೂ ಹಸಿವಿತ್ತು, ತಿಂದುಬಿಟ್ಟೆ."

ಸುಧಾಮಣಿ ಎದ್ದು ಓಡಿ ಬಾಗಿಲು ತಳ್ಳಿದಳು. ಮರಿಸೆಲ್‌ನ ಎಲೆಯ ಮೇಲೆ ಬೆರಳಲ್ಲಿ ಬಳಿದ ಗುರುತು ಬಿಟ್ಟರೆ ಏನೂ ಇರಲಿಲ್ಲ. ಮಾವನ ಎಲೆಯೂ ಬರಿದಾಗಿತ್ತು. "ಅವಳನ್ನ ಒಬ್ಳೇ ಬುಡಬ್ಯಾಡ ಕಣಮ್ಮಿ!" ಅಂತ ಹಿಂದೆ ಬಂದ ದೊಡ್ಡಮಾದಮ್ಮ ಕೂಗಿದಳು.

"ಮರಿಸೆಲ್, ಮಲಗಬೇಡ. ಒಬ್ಬಳೇ ಇರಬೇಡ. ಯಾರನ್ನಾದರೂ ಕರಿ!"

"ಒಬ್ಬಳೇ ಇಲ್ವಲ್ಲ. ಕನಸಲ್ಲಿ ನನ್ನ ಪಕ್ಕ ಒಬ್ಬ ಮುದುಕನೂ ಕೂತು ಉಂಡ, ತಲೆಗೆ ಕೆಂಪು ಟವಲ್ ಸುತ್ತಿದ್ದ. ಅವನೀಗ ಇಲ್ಲೇ ನಮ್ಮ ಬಾಗಿಲಲ್ಲಿ ನಿಂತಿದಾನೆ. ಒಳ್ಳೆಯವನ ಥರ ಕಾಣ್ತಾನೆ. ಕೈ ಚಾಚಿ ಒಂದೇ ಮಾತು ಹೇಳ್ತಿದಾನೆ. ನಿಮ್ಮ ಭಾಷೆಯೇ ಇರಬೇಕು. ಸುಧಾ, 'ಹೋಗನ' ಅಂದ್ರೇನು?"