ಜಗನ್ನಾಥನ ಪೋಷಕಿ

ಆ ಒಂದು ಕಾಗದ ಸಿಗದಿದ್ದರೆ ಜಗನ್ನಾಥನಿಗೆ ಪಿಂಚಣಿ ಇಲ್ಲ. ರತ್ನಪ್ರಭಾ ಒಂಬತ್ತು ತಿಂಗಳಿಂದ ಚಪ್ಪಲಿ ಸವೆಸುತ್ತಿದ್ದದ್ದು ಇಷ್ಟಕ್ಕೇ. ತಮ್ಮನಿಗೆ ನಲವತ್ತಾರು ವರ್ಷ, ಬುದ್ಧಿ ಆರು ವರ್ಷದ ಮಗುವಿನದು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ಅಪ್ಪ ದೇವೇಂದ್ರಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಈ ಮಗನಿಗೆ ಅವನು ಬದುಕಿರುವ ತನಕ ಸಲ್ಲಬೇಕು. ಆದರೆ ಅವನ ಪರವಾಗಿ ಅದನ್ನು ಪಡೆಯಲು ಪೋಷಕರು ಬೇಕು. ಪೋಷಕರನ್ನು ನೇಮಿಸುವ ಆ ಕಾಗದ ಕೊಡಲು ಜಿಲ್ಲಾ ಸಮಿತಿ ಬೇಕು. ಸಮಿತಿಯ ಸಭೆ ಸೇರಲು ಅದರ ಮೂವರು ಸದಸ್ಯರಿಗೂ ಒಂದೇ ದಿನ ಬಿಡುವಾಗಬೇಕು. ಅಂತೂ ೨೦೦೬ರ ಜೂನ್‌ನಲ್ಲಿ, ಕಾಗೆಯೂ ಹೊರಗೆ ಬಾರದ ಒಂದು ಮಧ್ಯಾಹ್ನ, ಅವರಿಗೆ ಬಿಡುವಾಯಿತು.

ಲೈಬ್ರರಿ ಕೆಲಸಕ್ಕೆ ಇದ್ದ ಕೊನೆಯ ರಜೆಯನ್ನೂ ಹಾಕಿ, ರಾಜಧಾನಿಯ ಆಚೆ ಬದಿಯ ಮಯೂರ್ ವಿಹಾರದಿಂದ ಆಟೋದಲ್ಲಿ ತಮ್ಮನನ್ನು ಕರೆದುಕೊಂಡು ಬಂದು, ಸಮಿತಿಯ ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಎರಡು ಗಂಟೆ ಕಾದಳು. ಮಡಿಲಲ್ಲಿ ದಪ್ಪ ಫೈಲು. ಅದರಲ್ಲಿ ಇಲ್ಲದ ಕಾಗದವೇ ಇರಲಿಲ್ಲ. ಇದ್ದದ್ದು ಒಂದೇ ತಪ್ಪು, ಅದು ಫೈಲಿನ ಹೊರಗಿತ್ತು.

ಅಪ್ಪ ಸತ್ತದ್ದು ಆಸ್ಪತ್ರೆಯಲ್ಲಿ. ದೇಹ ಅಲ್ಲಿಂದಲೇ ಸ್ಮಶಾನದ ಘಾಟಿಗೆ ಹೋಯಿತು. ಜಗನ್ನಾಥ ಆವತ್ತು ಪಕ್ಕದ ಮನೆಯಲ್ಲಿ ಟಿವಿ ನೋಡುತ್ತಿದ್ದ. ಸಂಜೆ ಬಂದು “ಅಪ್ಪ ಎಲ್ಲಿ?” ಎಂದಾಗ ಅವಳು, “ಊರಿಗೆ ಹೋಗಿದ್ದಾರೆ ಕಣೋ, ಶನಿವಾರ ಬರ್ತಾರೆ” ಅಂದುಬಿಟ್ಟಿದ್ದಳು. ನಿಜ ಹೇಳಿ ಅವನ ಅಳುವನ್ನೂ ಹೊರುವ ತ್ರಾಣ ಅವಳಲ್ಲಿ ಇರಲಿಲ್ಲ. ನಾಳೆ ಹೇಳೋಣವೆಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಶನಿವಾರ ಮಾತ್ರ ವಾರವಾರವೂ ತಪ್ಪದೆ ಬಂತು. ಅವನು ಇಸ್ತ್ರಿ ಶರ್ಟು ತೊಟ್ಟು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ. “ರೈಲು ಲೇಟಂತೆ” ಎಂದು ಅವಳು ಊಟಕ್ಕೆ ಕರೆಯುತ್ತಿದ್ದಳು.

ಒಳಗೆ ಕರೆದಾಗ ಮೇಜಿನ ಹಿಂದೆ ಒಬ್ಬ ಅಧಿಕಾರಿ, ಸೇವಾಸಂಸ್ಥೆಯೊಂದರ ಹೆಂಗಸು, ಅಂಗವಿಕಲರ ಪರವಾಗಿ ಕೂತ, ಊರುಗೋಲಿನ ವಯಸ್ಸಾದ ಸದಸ್ಯರು. ಅಧಿಕಾರಿ ಫೈಲು ತಿರುವಿ, “ಅಚ್ಛಾ, ತಂದೆ ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡರು” ಎಂದರು.

ಜಗನ್ನಾಥ ತರಕಾರಿ ಭಯ್ಯಾನ ಜೊತೆ ಆಡುವ ಹಿಂದಿಯಲ್ಲಿ, ಅಕ್ಕ ಅಂದಿದ್ದನ್ನೇ ಥಟ್ಟನೆ ಹೇಳಿದ: “ಪಾಪಾ ಗಾಂವ್ ಗಯೇ ಹೈಂ. ಶನಿವಾರ್ ಕೋ ಆಯೇಂಗೇ.”

ಅಧಿಕಾರಿಯ ಪೆನ್ನು ನಿಂತಿತು. ಬದುಕಿರುವ ತಂದೆಯನ್ನು ಕಾಗದದಲ್ಲಿ ಸಾಯಿಸಿ ಮಗನ ದುಡ್ಡಿಗೆ ಕೈಹಾಕುವವರನ್ನು ಅವರು ನೋಡಿರಬೇಕು. ಅಂಥವರನ್ನು ಹಿಡಿಯಲೆಂದೇ ಈ ವಿಚಾರಣೆಯ ಕಾನೂನು ಇರುವುದು. “ಮೇಡಂ, ಏನಿದು?”

ರತ್ನಪ್ರಭಾ ತಮ್ಮನಿಗೆ ತಿಳಿಯದಂಥ ದೊಡ್ಡವರ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

“ಹಾಗಾದರೆ ಈಗ ಅವರಿಗೆ ಹೇಳಿ,” ಎಂದರು ಊರುಗೋಲಿನವರು. “ಗೊತ್ತಾಗದೆ ಅವರ ಇಷ್ಟ ಕೇಳುವುದು ಹೇಗೆ?”

ಒಂಬತ್ತು ತಿಂಗಳು ಮುಂದೂಡಿದ ಮಾತನ್ನು ಮೂವರು ಅಪರಿಚಿತರ ಮುಂದೆ, ಕೂಲರಿನ ಸದ್ದಿನಲ್ಲಿ ಆಡಬೇಕಾಯಿತು. ಅವಳು ಅವನ ಕೈ ಹಿಡಿದಳು. “ಜಗ್ಗೂ, ನಾನು ಸುಳ್ಳು ಹೇಳ್ದೆ ಕಣೋ. ಅಪ್ಪ ಊರಿಗೆ ಹೋಗ್ಲಿಲ್ಲ. ಅಮ್ಮ ಸತ್ತ ಹಾಗೆ ಅಪ್ಪನೂ ಸತ್ತುಹೋದ್ರು.”

ಅವನು ಅಳಲಿಲ್ಲ. ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ ಅಧಿಕಾರಿ ಕೇಳಿದರು: “ಇನ್ನು ಮುಂದೆ ನಿಮ್ಮ ದುಡ್ಡು ಯಾರು ನೋಡಿಕೊಳ್ಳಬೇಕು? ಅಕ್ಕನೇ?”

ಹೆದರಿದರೆ ಅವನಿಗೆ ಹಿಂದಿ ಹೊರಡದು. “ಅಕ್ಕ ಬೇಡ,” ಎಂದ ಕನ್ನಡದಲ್ಲಿ. “ಅಕ್ಕಂಗೆ ಸುಸ್ತಾಗಿದೆ.”

“ಏನಂದರು?”

ಆ ಕೋಣೆಯಲ್ಲಿ ಕನ್ನಡ ಬಲ್ಲವರು ಇನ್ನಾರೂ ಇರಲಿಲ್ಲ. ‘ಅಕ್ಕನೇ ಬೇಕಂತೆ’ ಅಂದರೆ ಮುಗಿಯಿತು: ಸಹಿ, ಮೊಹರು, ಮನೆ. ಒಂಬತ್ತು ತಿಂಗಳ ಅಲೆದಾಟ ಅವಳ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಆದರೆ ಇನ್ನೊಂದು ಸುಳ್ಳು ಹೇಳಿ, ಅದನ್ನೂ ವಾರವಾರ ಸಾಕುವ ಶಕ್ತಿ ಅವಳಿಗೆ ಉಳಿದಿರಲಿಲ್ಲ.

“ನಾನು ಬೇಡವಂತೆ,” ಎಂದಳು ಹಿಂದಿಯಲ್ಲಿ. “ನನಗೆ ಸುಸ್ತಾಗಿದೆಯಂತೆ.” ಈ ಒಂಬತ್ತು ತಿಂಗಳಲ್ಲಿ ಆ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಊರುಗೋಲಿನವರು ಅಧಿಕಾರಿಯತ್ತ ತಿರುಗಿದರು. “ತನ್ನ ವಿರುದ್ಧದ ಮಾತನ್ನು ತಾನೇ ಅನುವಾದಿಸಿ ಕೊಟ್ಟವರನ್ನು ಇಲ್ಲಿ ನಾನು ಕಂಡಿಲ್ಲ. ಜಗನ್ನಾಥ ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಅವರು ಬೇಡವೆಂದದ್ದು ಅಕ್ಕನ ಮೇಲಿನ ಕಾಳಜಿಯಿಂದ, ಅಪನಂಬಿಕೆಯಿಂದಲ್ಲ. ಈಕೆಯೇ ಆಗಲಿ.”

ಅಧಿಕಾರಿ ಬರೆದರು. ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ವರ್ಷಕ್ಕೊಮ್ಮೆ ಲೆಕ್ಕ, ತಪ್ಪಿದರೆ ನೇಮಕ ರದ್ದು ಎಂದು ಓದಿ ಹೇಳಿದರು. ರತ್ನಪ್ರಭಾ ತಲೆಯಾಡಿಸಿದಳು. ಸಂತೋಷವಾಗಬೇಕಿತ್ತು, ಕಾಲು ನೋಯುತ್ತಿತ್ತು.

ಮೆಟ್ಟಿಲಿಳಿಯುವಾಗ ಜಗನ್ನಾಥ ಫೈಲನ್ನು ಅವಳ ಕೈಯಿಂದ ಕಿತ್ತುಕೊಂಡು ಎರಡೂ ತೋಳುಗಳಲ್ಲಿ ತಬ್ಬಿಕೊಂಡ.

“ಅಕ್ಕಾ, ಶನಿವಾರ?”

ರೈಲು ಲೇಟು ಎಂಬ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

“ಬರಲ್ಲ ಕಣೋ.”

ಅವನು ಎರಡು ಮೆಟ್ಟಿಲು ಇಳಿದು ನಿಂತ. ಈಗ ಅವನ ಕಣ್ಣಲ್ಲಿ ನೀರಿತ್ತು. “ಹಂಗಾದ್ರೆ ಶನಿವಾರ ನೀನು ಮಲಕ್ಕೋ,” ಎಂದ.